ಗಾರುಡಿಗ

ಹಾವು ಆಡಿಸುವವ, ಕೈಚಳಕದಿಂದ ಇಲ್ಲದ್ದನ್ನು ಇದ್ದಂತೆ ತೋರಿಸುವವ, ಮಂತ್ರ ಹಾಕಿ ವಿಷ ಇಳಿಸುವೆನೆನ್ನುವವ – ಈ ಮೂವರಿಗೂ ಕನ್ನಡದಲ್ಲಿ ಸಲ್ಲುವ ಒಂದೇ ಹೆಸರು ಗಾರುಡಿಗ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಆಡುಮಾತಿನಲ್ಲಿ ಅವನು ಗಾರುಡ್ಯಾ, ಗಾರುಡಿಗ್ಯಾ. ಅವನು ತೋರಿಸುವುದು ಗಾರುಡಿ ಆಟ ಅಥವಾ ಗಾರಡಿ ಆಟ. ಹಾವಾಡಿಗ, ಯಕ್ಷಿಣಿಗಾರ, ಜಾದೂಗಾರ, ಮಾಟಗಾರ, ಮಂತ್ರವಾದಿ, ಜೋಯಿಸ, ಕೊರವಂಜಿ, ಬುಡಬುಡಕಿ ಇವೆಲ್ಲ ಆ ಹೆಸರಿನ ಅಕ್ಕಪಕ್ಕದಲ್ಲಿ ಕೇಳಿಬರುವ ಮಾತುಗಳು. ವಿಷವೈದ್ಯದಂಥ ಗಂಭೀರ ಶಾಸ್ತ್ರದಿಂದ ಹೊರಟು ಸಂತೆಯ ಬಯಲಿಗೆ ಬಂದು ನಿಂತ ಹೆಸರು ಗಾರುಡಿಗ. ಪಂಡಿತನಿಗಿದ್ದ ಹೆಸರು ಬೀದಿಯ ಆಟಗಾರನಿಗೆ ದಾಟಿದ್ದು ಕನ್ನಡದಲ್ಲಿ ಮಾತ್ರ ಅಲ್ಲ. ಹೀಬ್ರೂ ಬೈಬಲ್ಲಿನಲ್ಲಿ ಮಂತ್ರಗಾರರಿಗಿರುವ ಹರ್ಟುಮ್ಮೀಮ್ ಎಂಬ ಹೆಸರೂ ಇಂಥದೇ ದಾರಿ ತುಳಿದಿದೆ. ಈ ಲೇಖನದಲ್ಲಿ ಆ ಎರಡನ್ನೂ ಎದುರುಬದುರು ಇಟ್ಟು, ಮಲಪ್ರಭೆ ಹರಿಯುವ ಈ ಸೀಮೆಯಲ್ಲಿ ಗಾರುಡಿಗನ ವಿದ್ಯೆ ಏನೇನಾಗಿ ಒಡೆದುಕೊಂಡಿತೆಂದು ನೋಡಲಾಗಿದೆ.

ಹೆಸರಿನ ಹುಟ್ಟು

ಮೂಲ ಇರುವುದು ಗರುಡನಲ್ಲಿ. ಕದ್ರುವಿನ ದಾಸ್ಯದಿಂದ ತಾಯಿ ವಿನತೆಯನ್ನು ಬಿಡಿಸಲು ಅಮೃತ ತಂದವನು ಗರುಡ. ಕದ್ರುವಿನ ಮಕ್ಕಳಾದ ಹಾವುಗಳಿಗೆ ಹುಟ್ಟುವೈರಿ. ಹಾವಿನ ವೈರಿಯ ಹೆಸರು ಹೇಳಿದರೆ ಹಾವಿನ ವಿಷವೂ ಅಂಜುತ್ತದೆ ಎಂಬ ನಂಬಿಕೆಯಿಂದ ಹುಟ್ಟಿದ್ದು ಗಾರುಡವಿದ್ಯೆ. ಮಧ್ಯಯುಗದ ಶೈವಾಗಮಗಳಲ್ಲಿ ಗಾರುಡತಂತ್ರಗಳದೇ ಒಂದು ಗುಂಪು ಇತ್ತು. ಐದಕ್ಷರದ ಒಂದು ಮಂತ್ರವನ್ನು ಪಂಚಭೂತಗಳಿಗೆ ಹೊಂದಿಸಿ, ಕೈಬೆರಳುಗಳ ಮೇಲೆ ನ್ಯಾಸ ಮಾಡಿ, ತಾನೇ ಗರುಡನೆಂದು ಭಾವಿಸಿಕೊಂಡು ವಿಷವನ್ನು ಹಿಂದಕ್ಕೆ ಕರೆಯುವುದು ಅದರ ವಿಧಾನ. ಇದನ್ನು ಬಲ್ಲವನು ಗಾರುಡಿಕ.

ಗಾರುಡಿಕ ಕನ್ನಡಕ್ಕೆ ಬರುವಾಗ ಕಡೆಯ ಕಕಾರ ಗಕಾರವಾಗಿ ಗಾರುಡಿಗ ಆಯಿತೆಂದು ಒಂದು ವಿವರಣೆ ಕೊಡಬಹುದು. ಗಾರುಡಿ ಎಂಬ ನಾಮಪದಕ್ಕೆ ಗಾಣಿಗ, ಲೆಕ್ಕಿಗ ಎಂಬಲ್ಲಿರುವ ಕನ್ನಡದ 'ಇಗ' ಪ್ರತ್ಯಯ ಹತ್ತಿತೆಂದೂ ಹೇಳಬಹುದು. ಎರಡೂ ವ್ಯಾಕರಣಕ್ಕೆ ಒಪ್ಪುತ್ತವೆ. ಮರಾಠಿಯಲ್ಲಿ ಗಾರುಡೀ, ತೆಲುಗಿನಲ್ಲಿ ಗಾರಡಿ ಎಂದಿರುವುದನ್ನು ನೋಡಿದರೆ ಗಾರುಡಿ ಎಂಬ ರೂಪ ದಖ್ಖಣದಲ್ಲೆಲ್ಲ ಹರಡಿತ್ತು, ಕನ್ನಡ ಅದಕ್ಕೆ ತನ್ನ ಪ್ರತ್ಯಯ ಸೇರಿಸಿಕೊಂಡಿತು ಎಂಬ ಎರಡನೆಯ ವಿವರಣೆಯೇ ಹೆಚ್ಚು ಸಹಜ. ಕುಸ್ತಿಯ ಗರಡಿಮನೆಗೂ ಈ ಗಾರಡಿಗೂ ಉಚ್ಚಾರದ ಹೋಲಿಕೆ ಬಿಟ್ಟರೆ ಕಸುಬಿನ ನಂಟಿಲ್ಲ; ಇವೆರಡನ್ನು ಬೆರೆಸಬಾರದು.

ಅಮರಕೋಶದಲ್ಲಿ ವಿಷವೈದ್ಯನಿಗೆ ಜಾಂಗುಲಿಕನೆಂಬ ಹೆಸರಿದೆ. ಹಾವು ಹಿಡಿಯುವವನಿಗೆ ವ್ಯಾಲಗ್ರಾಹಿ, ಅಹಿತುಂಡಿಕ ಎಂಬ ಬೇರೆ ಹೆಸರುಗಳಿವೆ. ಅಂದರೆ ಮದ್ದು ಕೊಡುವವನು ಬೇರೆ, ಬುಟ್ಟಿ ಹೊತ್ತವನು ಬೇರೆ ಎಂಬ ಎಚ್ಚರ ಹಳಬರಿಗಿತ್ತು. ವಾತ್ಸ್ಯಾಯನನು ಹೇಳುವ ಅರವತ್ತುನಾಲ್ಕು ಕಲೆಗಳ ಪಟ್ಟಿಯಲ್ಲಿ ಐಂದ್ರಜಾಲ, ಹಸ್ತಲಾಘವ ಎರಡೂ ಇವೆ. ಹಸ್ತಲಾಘವವೆಂದರೆ ನಮ್ಮ ಕೈಚಳಕ. ಅದಕ್ಕೆ ಕಲೆಗಳ ಸಾಲಿನಲ್ಲಿ ಜಾಗವಿತ್ತು, ವೈದ್ಯದ ಸಾಲಿನಲ್ಲಿ ಅಲ್ಲ. ಕನ್ನಡದ ಗಾರುಡಿಗ ಶಬ್ದ ಈ ಮೂರೂ ಕಸುಬನ್ನು ಒಂದೇ ಜೋಳಿಗೆಗೆ ಹಾಕಿತು. ಮುಂದಿನ ಎಲ್ಲ ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ.

ಕನ್ನಡ ನಾಡಿನ ಗಾರುಡಶಾಸ್ತ್ರ

ಈ ವಿದ್ಯೆಗೆ ಕನ್ನಡ ನೆಲ ಕೊಟ್ಟ ಗ್ರಂಥಸಂಪತ್ತು ಅಗಾಧ. ಅದರಲ್ಲಿ ಜೈನರ ಪಾಲು ದೊಡ್ಡದು. ಇಂದ್ರನಂದಿ ಮಾನ್ಯಖೇಟದಲ್ಲಿ 939ರಲ್ಲಿ ಜ್ವಾಲಾಮಾಲಿನೀಕಲ್ಪವನ್ನು ಬರೆದ. ಈಗಿನ ಗದಗ ಜಿಲ್ಲೆಯ ಮುಳಗುಂದದಲ್ಲಿದ್ದ ಮಲ್ಲಿಷೇಣ ಹನ್ನೊಂದನೆಯ ಶತಮಾನದಲ್ಲಿ ಭೈರವ ಪದ್ಮಾವತೀಕಲ್ಪವನ್ನು ರಚಿಸಿದ. ಅದರ ಹತ್ತು ಅಧಿಕಾರಗಳಲ್ಲಿ ಕೊನೆಯದು ಪೂರ್ತಿ ಗಾರುಡತಂತ್ರಕ್ಕೆ ಮೀಸಲು. ಹಾವು ಮುಟ್ಟಿದವನು ಬದುಕುತ್ತಾನೋ ಇಲ್ಲವೋ ಎಂದು ಗುರುತಿಸುವುದು, ಮೈಯೊಳಗೆ ವಿಷ ಏರದಂತೆ ತಡೆಯುವುದು, ಹಾವಿನ ಬಾಯಿ ಕಟ್ಟುವುದು ಎಲ್ಲ ಅಲ್ಲಿ ಬರುತ್ತವೆ. ಪದ್ಮಾವತಿ ಪಾರ್ಶ್ವನಾಥನ ಯಕ್ಷಿ, ಪಾರ್ಶ್ವನಾಥನ ತಲೆಯ ಮೇಲೆ ಹಾವಿನ ಹೆಡೆ. ಸವದತ್ತಿ, ಅಂದಿನ ಸುಗಂಧವರ್ತಿ, ರಟ್ಟರ ರಾಜಧಾನಿಯಾಗಿದ್ದು ಜೈನಧರ್ಮಕ್ಕೆ ಒತ್ತಾಸೆಯಾಗಿ ನಿಂತಿತ್ತು. ಮುಳಗುಂದದಿಂದ ಸವದತ್ತಿಗೆ ಹೆಚ್ಚು ದೂರವಿಲ್ಲ. ಗಾರುಡಶಾಸ್ತ್ರ ಈ ಸೀಮೆಗೆ ಹೊರಗಿನದಲ್ಲ. ಇಲ್ಲಿಯ ನೆರೆಯಲ್ಲೇ ಬರೆಯಲ್ಪಟ್ಟದ್ದು.

ಕನ್ನಡದಲ್ಲೇ ಬರೆದವರಲ್ಲಿ ಮೊದಲು ನೆನೆಯಬೇಕಾದವನು ಇಮ್ಮಡಿ ಚಾವುಂಡರಾಯ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ ಅವನು ಬರೆದ ಲೋಕೋಪಕಾರ ಕನ್ನಡದ ಮೊದಲ ವಿಶ್ವಕೋಶವೆನ್ನಿಸಿಕೊಂಡಿದೆ. ಜಲಶೋಧನೆ, ವೃಕ್ಷಾಯುರ್ವೇದ, ಅಡುಗೆಗಳ ಜತೆಗೆ ವಿಷವೈದ್ಯಕ್ಕೂ ಶಕುನಕ್ಕೂ ಅಲ್ಲಿ ಅಧ್ಯಾಯಗಳಿವೆ. ಆದರೆ ಈ ವಿಷಯದ ಮುಕುಟಗ್ರಂಥ ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣ. ಕಾಲ ಸುಮಾರು 1360, ವಿಜಯನಗರದ ಆರಂಭದ ದಿನಗಳು. ಖಗೇಂದ್ರನೆಂದರೆ ಗರುಡನೇ. ಕೇಶಿರಾಜ ಶಬ್ದಕ್ಕೆ ಮಾಡಿದ್ದನ್ನು ಮಂಗರಾಜ ವಿಷಕ್ಕೆ ಮಾಡಿದ. ಗ್ರಂಥದ ಹೆಸರಿನಲ್ಲೂ ಕೇಶಿರಾಜನ ಶಬ್ದಮಣಿದರ್ಪಣದ ನೆರಳಿದೆ. ಹದಿನಾರು ಅಧಿಕಾರಗಳಲ್ಲಿ ಗಿಡಮೂಲಗಳಿಂದ ಬರುವ ಸ್ಥಾವರ ವಿಷ, ಹಾವು ಚೇಳು ಇಲಿ ಜೇಡಗಳ ಜಂಗಮ ವಿಷ, ಮನುಷ್ಯರೇ ಕೂಡಿಸುವ ಕೃತ್ರಿಮ ವಿಷ ಇವುಗಳ ಲಕ್ಷಣವನ್ನೂ ಮದ್ದನ್ನೂ ಹೇಳುತ್ತಾನೆ. ಮಂತ್ರಯಂತ್ರಗಳನ್ನು ಬಿಟ್ಟಿಲ್ಲ, ಆದರೆ ಮದ್ದಿಗೆ ಕೊಟ್ಟ ಗಮನ ಕಡಿಮೆಯದಲ್ಲ. ಹದಿನಾಲ್ಕನೆಯ ಶತಮಾನದ ಕವಿಯೊಬ್ಬ ಕಚ್ಚಿದ ಪ್ರಾಣಿ ಯಾವುದು, ಕಚ್ಚಿದ ಜಾಗ ಹೇಗಿದೆ, ಮೈಯಲ್ಲಿ ಏನೇನು ಕಾಣಿಸಿತು ಎಂದು ಇಷ್ಟು ತಾಳ್ಮೆಯಿಂದ ವಿಂಗಡಿಸಿದ್ದಾನಲ್ಲ, ಅದು ಕನ್ನಡಿಗರು ಅಭಿಮಾನದಿಂದ ಓದಬೇಕಾದ ಕೆಲಸ. ಮಂಗರಾಜನನ್ನು ಓದಿದವನಿಗೆ ಗಾರುಡಿಗ ಎಂಬ ಮಾತು ಹಗುರವಾಗಿ ಕೇಳಿಸುವುದಿಲ್ಲ.

ಮಹಾಭಾರತದ ಆದಿಪರ್ವದಲ್ಲಿ ಪರೀಕ್ಷಿತ ರಾಜನನ್ನು ಸರ್ಪರಾಜ ತಕ್ಷಕನ ವಿಷದಿಂದ ಉಳಿಸಲು ಹೊರಟ ಕಾಶ್ಯಪನ ಪ್ರಸಂಗ ಈ ವಿದ್ಯೆಯ ಹಿರಿಮೆಯನ್ನೂ ಅದರ ಬಿರುಕನ್ನೂ ಒಟ್ಟಿಗೆ ತೋರಿಸುತ್ತದೆ. ತಕ್ಷಕ ಕಚ್ಚಿ ಬೂದಿ ಮಾಡಿದ ಆಲದ ಮರವನ್ನು ಕಾಶ್ಯಪ ಮತ್ತೆ ಚಿಗುರಿಸುತ್ತಾನೆ. ಆದರೆ ತಕ್ಷಕ ಕೊಟ್ಟ ಹಣ ಪಡೆದು ದಾರಿಯಿಂದಲೇ ಮರಳುತ್ತಾನೆ, ರಾಜ ಸಾಯುತ್ತಾನೆ. ವಿದ್ಯೆಯ ಶಕ್ತಿಯನ್ನು ಕೊಂಡಾಡುವ ಕಥೆಯೇ ವಿದ್ಯಾವಂತನ ದುಡ್ಡಿನಾಸೆಯನ್ನೂ ಮುಚ್ಚಿಡದೆ ಹೇಳಿದೆ.

ಹೀಬ್ರೂವಿನ ಹರ್ಟುಮ್ಮೀಮ್

ಈಗ ಹೀಬ್ರೂ ಕಡೆ. ಆದಿಕಾಂಡದ 41ನೆಯ ಅಧ್ಯಾಯದಲ್ಲಿ ಐಗುಪ್ತದ ಫರೋಹ ತನ್ನ ಕನಸಿನ ಅರ್ಥ ತಿಳಿಯದೆ ಕಳವಳಗೊಂಡು ಮೊದಲು ಕರೆಸುವುದು ಹರ್ಟುಮ್ಮೀಮರನ್ನು. ಅವರಿಂದಾಗದ್ದನ್ನು ಸೆರೆಯಲ್ಲಿದ್ದ ಯೋಸೇಫ ಹೇಳುತ್ತಾನೆ. ವಿಮೋಚನಕಾಂಡದಲ್ಲಿ ಆರೋನನ ಕೋಲು ಸರ್ಪವಾದಾಗ ಅವರೂ ತಮ್ಮ ಕೋಲುಗಳನ್ನು ಸರ್ಪವಾಗಿಸುತ್ತಾರೆ. ನೀರನ್ನು ರಕ್ತವಾಗಿಸುವುದರಲ್ಲಿ, ಕಪ್ಪೆಗಳನ್ನು ಬರಿಸುವುದರಲ್ಲಿ ಸರಿಸಮ ನಿಂತವರು ಮೂರನೆಯ ಉಪದ್ರವಕ್ಕೆ ಕೈಚೆಲ್ಲುತ್ತಾರೆ. ದಾನಿಯೇಲನ ಗ್ರಂಥದಲ್ಲಿ ಅದೇ ಹೆಸರಿನವರು ಬಾಬಿಲೋನಿನ ಅರಮನೆಯಲ್ಲಿ ಕಾಣಿಸಿಕೊಳ್ಳುತ್ತಾರೆ.

ಈ ಪದಕ್ಕೆ ಹೀಬ್ರೂವಿನಲ್ಲೇ ಧಾತು ಹುಡುಕಿದವರು, ಹೆರೆತ್ ಎಂದರೆ ಬರೆಯುವ ಕಂಟ, ಆದ್ದರಿಂದ ಹರ್ಟುಮ್ಮೀಮ್ ಎಂದರೆ ಬರವಣಿಗೆ ಬಲ್ಲ ಪಂಡಿತರು ಎಂದರು. ಈಗ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವುದು ಈಜಿಪ್ತಿನ ಮೂಲವನ್ನು. ಅಲ್ಲಿಯ ದೇವಾಲಯಗಳಲ್ಲಿ ವಿಧಿಗ್ರಂಥದ ಸುರುಳಿ ಹಿಡಿದು ಮಂತ್ರ ಓದುವ ಪುರೋಹಿತನಿಗೆ ಖೆರಿ-ಹೆಬ್ ಎಂದೂ, ಅವರಲ್ಲಿ ಮುಖ್ಯನಾದವನಿಗೆ 'ಹೆರಿ-ತೆಪ್' ಎಂಬ ವಿಶೇಷಣ ಸೇರಿಸಿಯೂ ಕರೆಯುತ್ತಿದ್ದರು. ಹೆರಿ-ತೆಪ್ ಎಂದರೆ ತಲೆಯ ಮೇಲಿರುವವ, ಮುಖ್ಯಸ್ಥ. ಕಾಲ ಸರಿದಂತೆ ಮೊದಲ ಭಾಗ ಬಿದ್ದುಹೋಗಿ ಆ ವಿಶೇಷಣವೇ ಮಂತ್ರಬಲ್ಲವನ ಹೆಸರಾಯಿತು. ಕ್ರಿಸ್ತಪೂರ್ವ ಏಳನೆಯ ಶತಮಾನದಲ್ಲಿ ನಿನೆವೆಯ ಅಸ್ಸೀರಿಯನ್ ಅರಮನೆಯ ಪಟ್ಟಿಗಳಲ್ಲಿ ಈಜಿಪ್ತಿನಿಂದ ಬಂದ ಪಂಡಿತರಿಗೆ ಹರ್ಟಿಬಿ ಎಂಬ ಹೆಸರಿರುವುದು ಈ ಅಭಿಪ್ರಾಯಕ್ಕೆ ಗಟ್ಟಿ ಆಧಾರ. ಈಜಿಪ್ತಿನ ಹಳೆಯ ಕಥೆಗಳಲ್ಲೂ ಅದೇ ಪದವಿಯವರು ಪವಾಡ ಮಾಡುತ್ತಾರೆ. ಬರ್ಲಿನ್ನಿನಲ್ಲಿರುವ ವೆಸ್ಟ್‌ಕಾರ್ ಪಪೈರಸ್ಸಿನಲ್ಲಿ ಅಂಥ ಒಬ್ಬ ಮುಖ್ಯ ಪುರೋಹಿತ ಮೇಣದ ಮೊಸಳೆಯನ್ನು ನೀರಿಗೆ ಬಿಟ್ಟು ನಿಜದ ಮೊಸಳೆಯಾಗಿಸುತ್ತಾನೆ. ಇನ್ನೊಬ್ಬ ಕೆರೆಯ ನೀರನ್ನು ಮಡಚಿ ಒಂದರ ಮೇಲೊಂದು ಇಡುತ್ತಾನೆ.

ಗ್ರೀಕಿಗೆ ತಂದವರು ಆದಿಕಾಂಡದಲ್ಲಿ ಈ ಪದಕ್ಕೆ ವ್ಯಾಖ್ಯಾನಕಾರನೆಂಬ ಗೌರವದ ಮಾತನ್ನೂ, ವಿಮೋಚನಕಾಂಡದಲ್ಲಿ ಮಂತ್ರ ಹಾಡುವವನೆಂಬ ಮಾತನ್ನೂ ಬಳಸಿದರು. ಒಂದೇ ಹೆಸರು ಒಂದು ಕಡೆ ಪಂಡಿತ, ಮತ್ತೊಂದು ಕಡೆ ಮಂತ್ರಗಾರ. ಕನ್ನಡದಲ್ಲಿ ಬೈಬಲ್ ಅನುವಾದದ ಕೆಲಸ 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರಿಂದ ಮೊದಲಾಯಿತು. ಕನ್ನಡ ಬೈಬಲ್ ಓದುವವರಿಗೆ ಇಂಥ ಸಂದರ್ಭಗಳಲ್ಲಿ ಸಿಗುವ ಜೋಯಿಸ, ಮಂತ್ರವಾದಿ, ಮಾಟಗಾರ, ಕಣಿ ಹೇಳುವವ ಎಂಬವು ಹಳ್ಳಿಗರ ಬಾಯಲ್ಲಿ ಆಗಲೇ ಇದ್ದ ಮಾತುಗಳು.

ಗಾರುಡಿಗನಿಗೆ ಇನ್ನೂ ಹತ್ತಿರದ ಹೀಬ್ರೂ ಪದಗಳು ಬೇರೆ ಇವೆ. ಕೀರ್ತನೆಗಳ 58ನೆಯದರಲ್ಲಿ, ಪ್ರಸಂಗಿಯ 10ನೆಯ ಅಧ್ಯಾಯದಲ್ಲಿ, ಯೆರೆಮೀಯನ 8ನೆಯ ಅಧ್ಯಾಯದಲ್ಲಿ ಹಾವಿನ ಮಂತ್ರಕ್ಕೆ ಬಳಕೆಯಾದದ್ದು 'ಲಹಷ್' ಎಂಬ ಧಾತು. ಅದರ ಅರ್ಥ ಪಿಸುಗುಟ್ಟುವುದು. ಅದೇ ಕೀರ್ತನೆಯಲ್ಲಿಯೂ ಧರ್ಮೋಪದೇಶಕಾಂಡದ 18ನೆಯ ಅಧ್ಯಾಯದ ನಿಷೇಧಗಳ ಸಾಲಿನಲ್ಲಿಯೂ ಬರುವ 'ಹೋವೇರ್ ಹಾವೆರ್' ಎಂದರೆ ಕಟ್ಟು ಹಾಕುವವ. ಕಿವಿಯಲ್ಲಿ ಪಿಸುಗುಟ್ಟುವ ಮಂತ್ರ, ಹಾವಿನ ಬಾಯಿ ಕಟ್ಟುವುದು, ದಿಕ್ಕು ಕಟ್ಟುವುದು, ನೋಡುವವರ ಕಣ್ಣು ಕಟ್ಟುವುದು ಎಲ್ಲವೂ ಕನ್ನಡದ ಮಂತ್ರಗಾರಿಕೆಯಲ್ಲಿಯೂ ಇವೆ. ಒಂದರಿಂದ ಇನ್ನೊಂದು ಬಂತೆಂದು ಹೇಳಬೇಕಾಗಿಲ್ಲ. ಹಾವಿರುವ ಒಣನಾಡುಗಳಲ್ಲಿ ಮನುಷ್ಯ ಒಂದೇ ಬಗೆಯ ಅಂಜಿಕೆಗೆ ಒಂದೇ ಬಗೆಯ ಮಾತು ಕಂಡುಕೊಂಡಿದ್ದಾನೆ.

ಮಲಪ್ರಭೆಯ ಸೀಮೆ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು ತಾಲೂಕಿನ ಎಂ.ಕೆ. ಹುಬ್ಬಳ್ಳಿಯನ್ನು ಹಾಯ್ದು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ರಾಮದುರ್ಗದ ಕಡೆ ಸಾಗುತ್ತದೆ. ನದಿಯ ಎರಡೂ ಬದಿಗೆ ಎರೆಮಣ್ಣು; ಜೋಳ, ಹತ್ತಿ, ಕಡಲೆ. ಬೇಸಗೆಯಲ್ಲಿ ಎರೆ ಬಿರುಕು ಬಿಡುತ್ತದೆ, ಕಾಳಿನ ರಾಶಿಗೆ ಇಲಿ ಬರುತ್ತದೆ, ಇಲಿಯ ಬೆನ್ನಿಗೆ ಹಾವು. ಸವದತ್ತಿ, ರಾಮದುರ್ಗಗಳ ಕಲ್ಲುಗುಡ್ಡಗಳಲ್ಲಿ ಹಾವಿಗೆ ಅಡಗುದಾಣಕ್ಕೆ ಕೊರತೆಯಿಲ್ಲ. ಹಾವನ್ನು ಹೆಸರಿಟ್ಟು ಕರೆಯದೆ ಹುಳ ಎನ್ನುವುದು, ಕಚ್ಚಿತೆನ್ನದೆ ಮುಟ್ಟಿತೆನ್ನುವುದು ಇಲ್ಲಿಯ ರೂಢಿ.

ಹಾವಿನ ಭಯವೂ ಭಕ್ತಿಯೂ ಇಲ್ಲಿ ಸ್ಥಳಕಥೆಯಲ್ಲೇ ಬೆರೆತಿವೆ. ಸವದತ್ತಿಯ ಯಲ್ಲಮ್ಮನ ಗುಡ್ಡದ ರೇಣುಕೆ ದಿನಾ ಮಲಪ್ರಭೆಯ ಮರಳಿನಲ್ಲಿ ಹಸಿಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು ಜಮದಗ್ನಿಗೆ ನೀರು ತರುತ್ತಿದ್ದಳಂತೆ. ಗಂಧರ್ವನ ಜಲಕ್ರೀಡೆ ಕಂಡು ಮನಸ್ಸು ಅಲುಗಿದ ದಿನ ಕೊಡ ಕಟ್ಟಲಿಲ್ಲ, ಸಿಂಬಿಯ ಹಾವು ಹರಿದುಹೋಯಿತು. ಗಂಡನ ಶಾಪದಿಂದ ಮೈತುಂಬ ರೋಗ ಹತ್ತಿದವಳನ್ನು ಎಕ್ಕಯ್ಯ ಜೋಗಯ್ಯರೆಂಬ ಯೋಗಿಗಳು ಜೋಗುಳಬಾವಿಯ ನೀರಿನಲ್ಲಿ ಮೀಯಿಸಿ ಗುಣಪಡಿಸಿದರೆಂದು ಐತಿಹ್ಯ. ಗುಡ್ಡಕ್ಕೆ ಹೋಗುವವರು ಇಂದಿಗೂ ಮೊದಲು ಜೋಗುಳಬಾವಿಯಲ್ಲಿ ಮೀಯುತ್ತಾರೆ. ಹಾವು ಮಾತು ಕೇಳುವುದು, ಮಾತು ತಪ್ಪಿದಾಗ ಬಿಟ್ಟುಹೋಗುವುದು, ಜೋಗಿ ರೋಗ ಕಳೆಯುವುದು – ಗಾರುಡಿಗನ ಕಸುಬಿನ ಮುಖ್ಯ ಸಂಗತಿಗಳೆಲ್ಲ ಈ ಕಥೆಯಲ್ಲಿವೆ. ಉತ್ತರ ಭಾರತದ ಹಾವಾಡಿಗರು ತಮ್ಮನ್ನು ನಾಥಪಂಥದ ಕಾನಿಪಾನ ಶಿಷ್ಯರೆಂದು ಹೇಳಿಕೊಳ್ಳುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರಗಳ ಲಕ್ಷಗಟ್ಟಲೆ ಜನ ಬರುತ್ತಾರೆ. ಚೌಡಿಕೆ ನುಡಿಸುವ ಜೋಗತಿಯರು, ಜೋಗಪ್ಪಗಳು, ಗೊಂದಲಿಗರು, ಚಾಟಿ ಬೀಸಿಕೊಳ್ಳುವ ದುರಗಮ್ಮನವರು, ಡೊಂಬರು ಎಲ್ಲರ ದಾರಿಯೂ ಇಂಥ ಜಾತ್ರೆಗಳ ಕಡೆಗೇ. ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಜಾತ್ರೆ, ಬೈಲಹೊಂಗಲದ ಸಂತೆಪೇಟೆ ಇವೂ ಅಲೆಮಾರಿ ಆಟಗಾರರಿಗೆ ಒದಗಿಬಂದ ಬಯಲುಗಳು. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದು ಉಂಡಿ ಕಟ್ಟಿ ಜೋಕಾಲಿ ಆಡುವ ಹೊತ್ತಿಗೆ ಬುಟ್ಟಿ ಹೊತ್ತ ಹಾವಾಡಿಗ ಬಾಗಿಲಿಗೆ ಬರುತ್ತಿದ್ದ. ಅವನ ಬುಟ್ಟಿಯ ಹಾವಿಗೆ ಹಾಲೆರೆದರೆ ಹುತ್ತಕ್ಕೆ ಎರೆದಷ್ಟೇ ಪುಣ್ಯ. ಹಾಲು ಹಾವಿನ ಆಹಾರವಲ್ಲ. ನೀರಿಲ್ಲದೆ ಬಾಯಾರಿಸಿಟ್ಟ ಹಾವು ಮಾತ್ರ ಅದಕ್ಕೆ ಬಾಯಿಡುತ್ತದೆ. ಪುಂಗಿಯ ನಾದಕ್ಕೆ ಅದು ತಲೆದೂಗುವುದೂ ನಾದಕ್ಕಾಗಿಯಲ್ಲ, ಎದುರಿಗೆ ಆಡುವ ಪುಂಗಿಯನ್ನೂ ಕೈಯನ್ನೂ ನೋಡಿ.

ಆಟದ ಕಸುಬು

ಕೈಚಳಕವನ್ನು ಕುಲಕಸುಬಾಗಿ ಉಳಿಸಿಕೊಂಡವರಲ್ಲಿ ಸುಡುಗಾಡು ಸಿದ್ಧರು ಮುಖ್ಯರು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಈ ಅಲೆಮಾರಿಗಳ ಮನೆಮಾತು ತೆಲುಗಿನ ಒಂದು ಬಗೆ. ತೆಲುಗು ನಾಡಿನಲ್ಲಿ ಇವರಿಗೆ ಕಾಟಿಪಾಪಲು ಎನ್ನುತ್ತಾರೆ. ಮಸಣದ ಕಾವಲನ್ನು ಹರಿಶ್ಚಂದ್ರ, ವೀರಬಾಹುಗಳ ಕಥೆಗೆ ಜೋಡಿಸಿ ತಮ್ಮ ಮೂಲ ಹೇಳಿಕೊಳ್ಳುತ್ತಾರೆ. ವಿಭೂತಿ, ರುಮಾಲು, ಹೆಗಲಿಗೆ ಜೋಳಿಗೆ, ಕೈಯಲ್ಲಿ ಗಂಟೆ. ಬರಿಗೈ ಝಾಡಿಸಿ ತೋರಿಸಿ, ಮುಷ್ಟಿ ಹಿಡಿದು ಬಿಚ್ಚಿದರೆ ಚೇಳು. ಬಾಯಿಂದ ಒಂದರ ಹಿಂದೊಂದು ಕಲ್ಲು. ನೋಡುವವನ ಅಂಗೈಯಲ್ಲಿಟ್ಟ ಬೂದಿಯಲ್ಲಿ ಪುಟ್ಟ ಲಿಂಗ.

ಈ ಆಟದ ಪ್ರಾಣ ಮಾತಿನಲ್ಲಿದೆ. ಕಣ್ಣು ಎಲ್ಲಿರಬೇಕೆಂದು ಹೇಳುವುದು ಕೈ ಅಲ್ಲ, ನಾಲಿಗೆ. ದೇವರ ಸ್ತುತಿ, ಊರಗೌಡರ ಹೊಗಳಿಕೆ, ಹುಡುಗರಿಗೆ ಗದರಿಕೆ, ಒಂದು ನಗೆಮಾತು ಎಲ್ಲ ಲಯದಲ್ಲಿ ಸಾಗುತ್ತಿರುವಾಗ ಎಡಗೈ ತನ್ನ ಕೆಲಸ ಮುಗಿಸಿರುತ್ತದೆ. ಮೂರು ಬಟ್ಟಲು, ಕೆಲವು ಗುಂಡುಗಳ ಆಟ ಪ್ರಪಂಚದ ಅನೇಕ ನಾಡುಗಳಲ್ಲಿದೆ. ನಮ್ಮವರು ಅದನ್ನು ಮೇಜಿಲ್ಲದೆ, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಸುತ್ತಲೂ ಜನ ನಿಂತಿರುವಾಗ ಆಡುತ್ತಾರೆ. ಇದು ಎಷ್ಟು ಕಷ್ಟವೆಂದು ರಂಗಮಂದಿರದ ಜಾದೂಗಾರನನ್ನು ಕೇಳಬೇಕು. ಅವನಿಗೆ ಬೆನ್ನ ಹಿಂದೆ ಪ್ರೇಕ್ಷಕರಿರುವುದಿಲ್ಲ. ಗೊರಟೆ ಹೂತು ಬಟ್ಟೆ ಮುಚ್ಚಿ, ತೆಗೆದಾಗ ಮೊಳಕೆ, ಮತ್ತೆ ತೆಗೆದಾಗ ಗೇಣುದ್ದ ಮಾವಿನ ಸಸಿ ತೋರಿಸುವ ಆಟ ಭಾರತದ ಬೀದಿ ಗಾರುಡಿಗರ ಹೆಸರನ್ನು ಯೂರೋಪಿನವರೆಗೆ ಒಯ್ದಿತು. ಮೊದಲೇ ಸಿದ್ಧಪಡಿಸಿದ ಬೇರೆ ಬೇರೆ ಎತ್ತರದ ಸಸಿಗಳನ್ನು ಬಟ್ಟೆಯ ಮರೆಯಲ್ಲಿ ಬದಲಿಸುವುದು ಅದರ ಗುಟ್ಟು. ಗುಟ್ಟು ತಿಳಿದ ಮೇಲೂ ಕೈಯ ವೇಗಕ್ಕೆ ಬೆರಗಾಗುವಂತಿದ್ದರೆ ಅದು ಕಲೆ.

ಭವಿಷ್ಯ ಹೇಳುವವರ ಸಾಲು ಬೇರೆ. ನಸುಕಿನಲ್ಲಿ ಹಾಲಕ್ಕಿಯ ನುಡಿ ಕೇಳಿಸಿಕೊಂಡು ಬಂದು ಬುಡಬುಡಕಿ ಅಲುಗಿಸುತ್ತ ಮನೆಯ ಮುಂದೆ ನಿಲ್ಲುವವನೂ, ಬುಟ್ಟಿ ಹೊತ್ತು ಕಣಿ ಹೇಳುವ ಕೊರವಂಜಿಯೂ ಇದರಲ್ಲಿ ಸೇರುತ್ತಾರೆ. ಗೋಕಾಕ ಸೀಮೆಯ ಕುಲಗೋಡದ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ಕೊರವಂಜಿಯ ವೇಷ ರಂಗಕ್ಕೆ ಬಂದು ಈ ಭಾಗದ ಊರೂರಿಗೂ ಪರಿಚಿತವಾಯಿತು. ರಂಗದ ಮೇಲೆ ಕೊರವಂಜಿಗೆ ಚಪ್ಪಾಳೆ ಸಿಕ್ಕಿತು. ಬ್ರಿಟಿಷರ ಕಾನೂನಿನಲ್ಲಿ ಕೊರವರಿಗೆ ಸಿಕ್ಕಿದ್ದು ಅಪರಾಧಿ ಬುಡಕಟ್ಟು ಕಾಯ್ದೆಯ ಹಣೆಪಟ್ಟಿ, ಹುಬ್ಬಳ್ಳಿಯ ಸೆಟ್ಲಮೆಂಟಿನ ತಂತಿಬೇಲಿ, ಹಾಜರಿ. ಆ ಕಾಯ್ದೆ 1952ರಲ್ಲಿ ರದ್ದಾಯಿತು. ಸಂಶಯದ ನೋಟ ಅಷ್ಟು ಬೇಗ ರದ್ದಾಗಲಿಲ್ಲ.

ಬೀದಿಯ ಆಟಗಾರರನ್ನು ಹೀಗೆ ಸಂಶಯದಿಂದ ನೋಡದ ಕಾಲವೂ ಒಂದಿತ್ತು. ಬಹುರೂಪದ ಕಸುಬಿನ ಬಹುರೂಪಿ ಚೌಡಯ್ಯ, ಡಕ್ಕೆ ಬಾರಿಸುತ್ತಿದ್ದ ಡಕ್ಕೆಯ ಬೊಮ್ಮಣ್ಣ, ನಗೆಯ ಮಾರಿತಂದೆ, ಕಲಕೇತಯ್ಯ ಇವರು ಹನ್ನೆರಡನೆಯ ಶತಮಾನದಲ್ಲಿ ವಚನಕಾರರಾಗಿ ಅನುಭವಮಂಟಪದ ಸಾಲಿನಲ್ಲಿ ಕೂತವರು. ಬೀದಿಯ ಆಟಗಾರನ ಮಾತಿಗೆ ಅಷ್ಟು ಗೌರವ ಕೊಟ್ಟ ಕಾಲ ಕನ್ನಡ ಸಮಾಜದಲ್ಲಿ ಮತ್ತೆ ಬರಲಿಲ್ಲ. ಬಸವಣ್ಣನ ಹೆಂಡತಿ ಗಂಗಾಂಬಿಕೆಯ ಐಕ್ಯಸ್ಥಳ ಎಂ.ಕೆ. ಹುಬ್ಬಳ್ಳಿಯಲ್ಲಿರುವ ಈ ಸೀಮೆಗೆ ಆ ನೆನಪು ಬೇರೆಯವರಿಗಿಂತ ಹೆಚ್ಚು ಹತ್ತಿರದ್ದು.

ವಿಷದ ಪ್ರಶ್ನೆ

ಗಾರುಡಿಗನ ಆಟವನ್ನು ಎಷ್ಟು ಮೆಚ್ಚಿದರೂ ಅವನ ವಿಷವೈದ್ಯವನ್ನು ಒಪ್ಪುವಂತಿಲ್ಲ. ಈ ಭಾಗದಲ್ಲಿ ಪ್ರಾಣಕ್ಕೆ ಎರವಾಗುವ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ನಾಗರ, ಕಟ್ಟುಹಾವುಗಳ ವಿಷ ನರಗಳನ್ನು ಹಿಡಿದು ಕಣ್ಣೆವೆ ಜೋಲುವಂತೆ ಮಾಡಿ ಉಸಿರು ನಿಲ್ಲಿಸುತ್ತದೆ; ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಉಳಿದ ಹೆಚ್ಚಿನ ಹಾವುಗಳಿಗೆ ವಿಷವಿಲ್ಲ. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಮಂತ್ರದಿಂದ ಬದುಕಿದರೆಂದು ಊರು ಹೇಳುವವರು ಇಂಥವರು. ಮಂತ್ರವಿಲ್ಲದಿದ್ದರೂ ಅವರು ಬದುಕುತ್ತಿದ್ದರು. ನಿಜವಾಗಿ ವಿಷ ಏರಿದವರಿಗೆ ಮಂತ್ರ ಹಾಕಿಸುವ ಹೊತ್ತು ಮಾರಕ. ಮದ್ದು ಒಂದೇ: ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ತಯಾರಿಸುವ ವಿಷನಿರೋಧಕ ಚುಚ್ಚುಮದ್ದು. ಈ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಮದ್ದು ಸಾಕು. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಆ ಅಂಗ ಅಲುಗದಂತೆ ನೋಡಿಕೊಂಡು ಆಸ್ಪತ್ರೆಗೆ ಒಯ್ಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವುಕಡಿತವನ್ನು ಉಪೇಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ 2024ರಲ್ಲಿ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು.

ಕಾನೂನೂ ಇದೇ ಗೆರೆ ಎಳೆದಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಕಟ್ಟಿದಂದಿನಿಂದ ನಡೆದ ಚರ್ಚೆ, ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯಾದ ಮೇಲೆ ಇನ್ನಷ್ಟು ತೀವ್ರವಾಯಿತು. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯ್ದೆಯನ್ನು ವಿಧಾನಮಂಡಲ 2017ರಲ್ಲಿ ಒಪ್ಪಿತು. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನಾಯಿ, ಹಾವು, ಚೇಳು ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ, ತಾಯತ ಕೊಡುವುದು ಅದರಂತೆ ಅಪರಾಧ. ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಡಿಸೆಂಬರ್ 6ರ ಅಂಬೇಡ್ಕರ್ ಪರಿನಿರ್ವಾಣ ದಿನದಂದು ಸತೀಶ ಜಾರಕಿಹೊಳಿಯವರು ಮಾನವ ಬಂಧುತ್ವ ವೇದಿಕೆಯ ಮೂಲಕ ನಡೆಸಿಕೊಂಡು ಬಂದ ಮೌಢ್ಯವಿರೋಧಿ ಕಾರ್ಯಕ್ರಮವೂ ಈ ಜಿಲ್ಲೆಯದೇ.

ಇನ್ನೊಂದು ಕಡೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾವಾಡಿಗನ ಬುಟ್ಟಿಯನ್ನು ಖಾಲಿ ಮಾಡಿತು, 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬೀದಿಯ ಆಟಕ್ಕೇ ಕೈಹಾಕಲು ಅವಕಾಶ ಕೊಟ್ಟಿತು. ಮೊದಲನೆಯದು ಹಾವುಗಳ ಹಿತಕ್ಕೆ ಬೇಕಾದದ್ದು, ಅದರಲ್ಲಿ ತಕರಾರಿಲ್ಲ. ಎರಡನೆಯದು ಕಲೆಯನ್ನೂ ಭಿಕ್ಷೆಯನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಅನ್ಯಾಯ. ಒಳಮೀಸಲಾತಿ ಕುರಿತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ 2025ರಲ್ಲಿ ಪರಿಶಿಷ್ಟ ಜಾತಿಯೊಳಗಿನ 59 ಅಲೆಮಾರಿ ಸಮುದಾಯಗಳಿಗೆ ಶೇಕಡ 1ರ ಪ್ರತ್ಯೇಕ ಪಾಲು ಸೂಚಿಸಿತು. ಸರ್ಕಾರ ಆ ಪಾಲನ್ನು ಪ್ರತ್ಯೇಕವಾಗಿ ಉಳಿಸದೆ ಬೇರೆ ಜಾತಿಗಳಿರುವ ಶೇಕಡ 5ರ ಗುಂಪಿಗೆ ಸೇರಿಸಿದಾಗ ಅಲೆಮಾರಿಗಳು ಬೀದಿಗಿಳಿದು ಪ್ರತಿಭಟಿಸಿದರು.

ಮಾತಿನ ಮರುಹುಟ್ಟು

ಕಸುಬು ಸೊರಗಿದರೂ ಮಾತು ಬೆಳೆದಿದೆ. ಧಾರವಾಡದ ದ.ರಾ. ಬೇಂದ್ರೆಯವರನ್ನು (1896–1981) ಕನ್ನಡಿಗರು ಶಬ್ದಗಾರುಡಿಗ ಎಂದು ಕರೆದರು. ಆಡುಮಾತನ್ನು ಹಿಡಿದು ಮಂತ್ರವಾಗಿಸಿದ ಕವಿಗೆ ಅದಕ್ಕಿಂತ ಒಪ್ಪುವ ಬಿರುದಿಲ್ಲ. ಗಾರುಡಿಗನಿಗೂ ಅದರಿಂದ ಹಳೆಯ ಗೌರವದ ಒಂದು ಪಾಲು ಮರಳಿತು. ಜಾತ್ರೆ, ದಸರಾ ಮೆರವಣಿಗೆಗಳಲ್ಲಿ ಆಳು ಒಳಗೆ ನಿಂತು ಕುಣಿಸುವ ಬಿದಿರಿನ ದೈತ್ಯಗೊಂಬೆಗೆ ಗಾರುಡಿ ಗೊಂಬೆ ಎನ್ನುತ್ತಾರೆ. ಚೆಂಡನ್ನು ತಿರುಗಿಸುವ ಬೌಲರ್, ಲೆಕ್ಕ ತಲೆಕೆಳಗು ಮಾಡುವ ರಾಜಕಾರಣಿ ಕೂಡ ಪತ್ರಿಕೆಗಳಲ್ಲಿ ಗಾರುಡಿಗರೇ.

ಆಟ, ಆಡಿಸುವವರ ಕೈಯ ಪಟ್ಟುಗಳು, ಅದಕ್ಕೆ ಹೊಂದಿದ ಮಾತಿನ ಲಯ ಎಲ್ಲ ಬಾಯಿಂದ ಬಾಯಿಗೆ ಬಂದವು. ಕಲಿತ ಹಿರಿಯರೊಡನೆ ಅವೂ ಹೋಗುತ್ತವೆ. ಕಿತ್ತೂರಿನ ರಾಣಿ ಚೆನ್ನಮ್ಮನ 1824ರ ಗೆಲುವನ್ನು ನೆನೆದು ಪ್ರತಿ ವರ್ಷ ಅಕ್ಟೋಬರಿನಲ್ಲಿ ನಡೆಯುವ ಕಿತ್ತೂರು ಉತ್ಸವ ಜಾನಪದ ತಂಡಗಳಿಗೆ ವೇದಿಕೆ ಕೊಡುತ್ತದೆ. ಡೊಳ್ಳು, ಕರಡಿಮಜಲುಗಳ ಜತೆಗೆ ಸುಡುಗಾಡು ಸಿದ್ಧರ ಕೈಚಳಕಕ್ಕೂ ಅಲ್ಲಿ ತಾಸಿನ ಹೊತ್ತು, ಕಲಾವಿದರಿಗೆ ಸಲ್ಲುವ ಸಂಭಾವನೆ ಸಿಗಬೇಕು. ಶಿಗ್ಗಾಂವಿಯ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಈ ಹಿರಿಯರು ಇರುವಾಗಲೇ ಅವರ ಆಟವನ್ನೂ ಮಾತನ್ನೂ ಧ್ವನಿ, ಚಿತ್ರಗಳಲ್ಲಿ ದಾಖಲಿಸಬೇಕು.